ಎದುರು ಮಾತಿಗೆ ಜಾಗ: ಹೊಲ, ಸಾಲಿ, ಕಚೇರಿಗಳಲ್ಲಿ ಮಾನವ ಸಂಬಂಧ

ದುಡಿಯುವ ಕಡೆ, ಕಲಿಯುವ ಕಡೆ ಮನುಷ್ಯ ಮನುಷ್ಯರ ನಡುವಿನ ಸಂಬಂಧ ಹದಗೆಟ್ಟಿದೆ ಎಂಬ ದೂರು ಈಗ ಎಲ್ಲರ ಬಾಯಲ್ಲೂ ಇದೆ. ಆಳುಗಳಿಗೆ ನಿಯತ್ತಿಲ್ಲ ಎಂದು ರೈತರು ಅನ್ನುತ್ತಾರೆ, ಹೊಲದವರಿಗೆ ಕರುಣೆಯಿಲ್ಲ ಎಂದು ಕೂಲಿಯವರು. ಮಕ್ಕಳಿಗೆ ಭಯಭಕ್ತಿ ಹೋಯಿತು ಎಂದು ಮಾಸ್ತರರು ಕೊರಗುತ್ತಾರೆ, ಮಾಸ್ತರರಿಗೆ ಕಳಕಳಿ ಉಳಿದಿಲ್ಲ ಎಂದು ಪಾಲಕರು. ಕಚೇರಿಯಲ್ಲಿ ಸಾಹೇಬರು ಸಿಬ್ಬಂದಿಯನ್ನು, ಸಿಬ್ಬಂದಿ ಸಾಹೇಬರನ್ನು ಬೈದುಕೊಳ್ಳುವುದು ಇದ್ದದ್ದೇ. ಈ ದೂರುಗಳೆಲ್ಲದರ ತಳದಲ್ಲಿ ಒಂದೇ ನಂಬಿಕೆ ಕೂತಿದೆ: ಸಂಬಂಧ ಹುಟ್ಟುವುದು ಸ್ವಭಾವದಿಂದ; ಒಳ್ಳೆಯವರು ಸೇರಿದರೆ ಒಳ್ಳೆಯದು, ಕೆಟ್ಟವರು ಸೇರಿದರೆ ಕೆಟ್ಟದ್ದು. ಹಾಗಾಗಿ ಪರಿಹಾರವೂ ಸ್ವಭಾವ ತಿದ್ದುವುದೇ ಆಗಿಬಿಟ್ಟಿದೆ: ಉಪನ್ಯಾಸ, ತರಬೇತಿ, ನೈತಿಕ ಶಿಕ್ಷಣ. ಈ ಲೇಖನದ ವಾದ ಬೇರೆ. ಎರಡು ಪಕ್ಷಗಳಲ್ಲಿ ಕೆಳಗಿರುವವರು ನಾಳಿನ ಅನ್ನ, ಅಂಕ ಅಥವಾ ನೌಕರಿ ಕಳೆದುಕೊಳ್ಳುವ ಅಂಜಿಕೆಯಿಲ್ಲದೆ ‘ಇದು ಸರಿಯಲ್ಲ’ ಎನ್ನಬಲ್ಲರೇ ಎಂಬುದರ ಮೇಲೆ ಸಂಬಂಧದ ಗುಣ ನಿಂತಿರುತ್ತದೆ. ಆ ಮಾತಿಗೆ ಜಾಗ ಇದ್ದಲ್ಲಿ ಸಾಧಾರಣ ಮನುಷ್ಯರೂ ಒಬ್ಬರಿಗೊಬ್ಬರು ಮರ್ಯಾದೆಯಿಂದ ನಡೆಯುತ್ತಾರೆ. ಇಲ್ಲದಲ್ಲಿ ಒಳ್ಳೆಯವರೂ ಸಣ್ಣತನಕ್ಕೆ ಇಳಿಯುತ್ತಾರೆ.

ಇದನ್ನು ಪರೀಕ್ಷಿಸಲು ಮಹಾನಗರದ ಕಂಪನಿಗಳಿಂದಲೇ ಶುರು ಮಾಡಬೇಕಿಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರನ್ನೇ ತೆಗೆದುಕೊಳ್ಳಬಹುದು. ಮಳೆ ನಂಬಿದ ಕರಿ ಹೊಲಗಳು, ಹತ್ತಿ, ಮೆಣಸಿನಕಾಯಿ, ಹೆಸರು, ಶೇಂಗಾ, ಹಿಂಗಾರಿಗೆ ಜೋಳ, ಕಡಲೆ, ಗೋಧಿ. ಜೊತೆಗೆ ಸರ್ಕಾರಿ ಸಾಲಿ, ಅಂಗನವಾಡಿ, ಪಂಚಾಯ್ತಿ. ನಮ್ಮಲ್ಲಿ ‘ಕೆಲಸದ ಸ್ಥಳ’ ಎಂದರೆ ಕುರ್ಚಿ-ಮೇಜುಗಳ ಕಚೇರಿಯೇ ಕಣ್ಣಿಗೆ ಬರುತ್ತದೆ. ಆದರೆ ಈ ಸೀಮೆಯ ಅತಿ ದೊಡ್ಡ ಕೆಲಸದ ಸ್ಥಳ ಹೊಲ. ಅಲ್ಲಿ ದುಡಿಯುವವರಲ್ಲಿ ಹೆಂಗಸರ ಪಾಲು ದೊಡ್ಡದು. ಹಾಜರಿ ಪುಸ್ತಕವಿಲ್ಲದ, ನೇಮಕಾತಿ ಪತ್ರವಿಲ್ಲದ ಈ ಜಾಗ ಮಾನವ ಸಂಬಂಧಗಳ ಚರ್ಚೆಯೊಳಗೆ ಬರುವುದೇ ಅಪರೂಪ. ಚರ್ಚೆ ಇಲ್ಲಿಂದ ಶುರುವಾಗಬೇಕು, ಏಕೆಂದರೆ ಸಂಬಂಧ ಹೇಗೆ ಬದಲಾಗುತ್ತದೆ ಎಂಬುದನ್ನು ಹೊಲ ಪ್ರತಿ ವರ್ಷವೂ ಮಾಡಿ ತೋರಿಸುತ್ತದೆ.

ಆಗಸ್ಟ್ ತಿಂಗಳ ಒಂದು ಮುಂಜಾನೆಯನ್ನು ನೋಡಿ. ಮುಂಗಾರಿ ಪೈರಿನಲ್ಲಿ ಕಸ ಎದ್ದಿದೆ, ಹೆಸರು ಬಿಡಿಸಲು ಬಂದಿದೆ, ಮತ್ತೆ ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಕೊಳೆಯುತ್ತದೆ. ಎಲ್ಲರ ಹೊಲಕ್ಕೂ ಒಂದೇ ವಾರದಲ್ಲಿ ಆಳು ಬೇಕು. ಆಗ ಹತ್ತು-ಹದಿನೈದು ಹೆಂಗಸರನ್ನು ಕೂಡಿಸುವ ಹೆಣ್ಣುಮಗಳ ಮನೆ ಮುಂದೆ ಹಿಂದಿನ ಸಂಜೆಯೇ ಹೊಲದವರು ಬಂದು ನಿಲ್ಲುತ್ತಾರೆ. ಟಂಟಂ ಯಾರು ಕಳಿಸಬೇಕು, ಎಷ್ಟೊತ್ತಿಗೆ ಕೆಲಸ ಬಿಡಬೇಕು, ನಡುವೆ ಚಹಾ ಬರುತ್ತದೋ ಇಲ್ಲವೋ, ಕೂಲಿ ಅಂದಂದೇ ಕೈಗೆ ಸಿಗುತ್ತದೋ ವಾರದ ಸಂತೆಗೋ, ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು. ಹೋದ ಸಲ ಹೊಲದಲ್ಲಿ ಒರಟು ಮಾತಾಡಿದವರಿಗೆ ‘ನಾಳಿಗಿ ಬ್ಯಾರೆದವರ ಹೊಲಕ್ಕ ಒಪ್ಪಿಕೊಂಡೇವ್ರಿ ಅಣ್ಣಾರ’ ಎಂಬ ಉತ್ತರ ಸಿಗುತ್ತದೆ. ಜಗಳವಿಲ್ಲ, ಬೈಗುಳವಿಲ್ಲ, ಆದರೆ ಶಿಕ್ಷೆ ಆಗಿಹೋಯಿತು. ಅದೇ ಹೆಂಗಸರು, ಅದೇ ಹೊಲದವರು, ಏಪ್ರಿಲ್-ಮೇ ಬಂದಾಗ ಹೇಗಿರುತ್ತಾರೆ? ಬಿರಿದ ಹೊಲದಲ್ಲಿ ಕೆಲಸವಿಲ್ಲ. ಈಗ ‘ಏನರ ಕೆಲಸ ಇದ್ರ ಹೇಳ್ರಿ’ ಎಂದು ಹೋಗುವ ಸರದಿ ಇವರದು. ಅವತ್ತು ಕೇಳಿದ ಚಹಾ ಇವತ್ತು ಕೇಳುವುದಿಲ್ಲ, ಕೊಟ್ಟಷ್ಟು ಕೂಲಿ, ಆಡಿದಷ್ಟು ಮಾತು. ಎಂಟು ತಿಂಗಳಲ್ಲಿ ಯಾರ ಸ್ವಭಾವವೂ ಬದಲಾಗಿಲ್ಲ. ಬದಲಾದದ್ದು ಒಲ್ಲೆ ಎನ್ನುವ ಶಕ್ತಿ ಯಾರ ಕೈಯಲ್ಲಿದೆ ಎಂಬುದು ಮಾತ್ರ. ಸಂಬಂಧದ ದನಿಯೂ ಅದರ ಜೊತೆಗೇ ಬದಲಾಗಿದೆ.

ಇದಕ್ಕೆ ಹಿರಿಯರು ಎತ್ತುವ ಆಕ್ಷೇಪ ಗೊತ್ತಿರುವಂಥದ್ದೇ: ಇದು ಸಂಬಂಧವಲ್ಲ, ಬರೀ ವ್ಯಾಪಾರ. ಹಿಂದೆ ಆಳುಮಗ ಮನೆಯವನಂತೆ ಇದ್ದ. ಅವನ ಮಗಳ ಮದುವೆಗೆ ಗೌಡರು ಜೋಳದ ಚೀಲ ಕಳಿಸುತ್ತಿದ್ದರು. ಬಡಿಗ, ಕಮ್ಮಾರ, ಕುಂಬಾರರಿಗೆ ಸುಗ್ಗಿಯ ಕಣದಲ್ಲಿ ಆಯದ ಪಾಲು ಸಲ್ಲುತ್ತಿತ್ತು. ಇದೆಲ್ಲ ಸುಳ್ಳಲ್ಲ. ಹಳೆಯ ವ್ಯವಸ್ಥೆಯಲ್ಲಿ ಪ್ರೀತಿ ಇರಲಿಲ್ಲ ಎನ್ನುವುದು ಅನ್ಯಾಯವಾದೀತು. ಆದರೆ ಆ ಪ್ರೀತಿ ಒಂದು ದಿಕ್ಕಿನಲ್ಲಿ ಮಾತ್ರ ಹರಿಯುತ್ತಿತ್ತು ಎಂಬುದನ್ನೂ ಹೇಳಬೇಕು. ಮುಂಗಡ ಪಡೆದ ಆಳು ವರ್ಷದ ನಡುವೆ ಬಿಟ್ಟುಹೋಗುವಂತಿರಲಿಲ್ಲ. ಸಾಲ ಬೆಳೆದರೆ ಮಗನೂ ಅದೇ ಮನೆಯ ದನ ಕಾಯಬೇಕಿತ್ತು. ಕಳಿಸಿದ ಜೋಳದ ಚೀಲ ಉಪಕಾರವಾಗಿತ್ತೇ ಹೊರತು ಹಕ್ಕಾಗಿರಲಿಲ್ಲ, ಕಳಿಸದಿದ್ದರೆ ಕೇಳಲು ಬಾಯಿರಲಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ, ದೇಶದಲ್ಲಿ 1976ರ ಜೀತ ನಿರ್ಮೂಲನ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು. ಆಗ ಬಹಳ ಜನ ಆ ಮನೆಗಳನ್ನು ಬಿಟ್ಟು ನಡೆದರು ಎಂಬುದೇ ಆ ಪ್ರೀತಿಯ ಅಳತೆ. ಬಿಟ್ಟುಹೋಗುವ ದಾರಿ ತೆರೆದ ಮೇಲೂ ಉಳಿದ ಸಂಬಂಧಗಳು ಇದ್ದವು, ಇಂದಿಗೂ ಇವೆ. ನಿಜವಾಗಿ ಹೊಗಳಬೇಕಾದವು ಅವು.

ಅಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ ಈ ಸಂಗತಿಯನ್ನು ಸರಳವಾಗಿ ವಿಂಗಡಿಸಿದ್ದಾರೆ. ಯಾವುದೇ ಸಂಸ್ಥೆ ಕೆಡುತ್ತಿದ್ದಾಗ ಅದರೊಳಗಿನವರಿಗೆ ಎರಡು ದಾರಿ: ಬಿಟ್ಟುಹೋಗುವುದು ಇಲ್ಲವೇ ಒಳಗೇ ನಿಂತು ಬಾಯಿಬಿಡುವುದು. ನಿಷ್ಠೆ ಎಂಬುದು ಈ ಎರಡರ ನಡುವೆ ಕೆಲಸ ಮಾಡುತ್ತದೆ. ಎರಡೂ ದಾರಿ ಮುಚ್ಚಿದಲ್ಲಿ ಕಾಣುವ ನಿಷ್ಠೆ ನಿಷ್ಠೆಯಲ್ಲ, ನಿರುಪಾಯ. ಇದನ್ನು ನಮ್ಮ ಹೊಲಕ್ಕೆ ಹಚ್ಚಿದರೆ, ಸುಗ್ಗಿಯ ಕಾಲದಲ್ಲಿ ಕೂಲಿ ಹೆಂಗಸರಿಗೆ ಸಿಕ್ಕಿರುವುದು ಮೊದಲನೆಯ ದಾರಿ ಮಾತ್ರ. ಎರಡನೆಯದು ಇನ್ನೂ ಪೂರ್ತಿ ತೆರೆದಿಲ್ಲ. ಅದಕ್ಕೇ ಗಂಡಾಳಿನ ಕೂಲಿಗೂ ಹೆಣ್ಣಾಳಿನ ಕೂಲಿಗೂ ಇರುವ ಅಂತರ, 1976ರ ಸಮಾನ ವೇತನ ಕಾಯ್ದೆಯ ನಂತರವೂ, ಯಾರೂ ಪ್ರಶ್ನಿಸದ ರೂಢಿಯಾಗಿ ಉಳಿದಿದೆ. ಆ ಅಂತರ ಅಳಿಸಿಹೋದದ್ದು ನರೇಗಾ ಎಂಬ ಉದ್ಯೋಗ ಖಾತ್ರಿ ಯೋಜನೆಯ ಕೆಲಸದ ಜಾಗದಲ್ಲಿ. ಅದರ 2005ರ ಕಾಯ್ದೆ ಗಂಡು-ಹೆಣ್ಣಿಗೆ ಒಂದೇ ಕೂಲಿ ಎಂದಿತು. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ ಇತ್ತು. ದರ ಬರಹದಲ್ಲಿತ್ತು, ಹಣ ಖಾತೆಗೆ ಬಂತು, ಲೆಕ್ಕ ತಪ್ಪಿದರೆ ಪಂಚಾಯ್ತಿ ಕಟ್ಟೆಗೆ ಹೋಗಿ ಕೇಳುವ ಹಕ್ಕಿತ್ತು. ಗ್ರಾಕೂಸ್‌ನಂಥ ಕೂಲಿಕಾರರ ಸಂಘಟನೆ ಜೊತೆಗಿದ್ದಲ್ಲಿ ಆ ಹಕ್ಕಿಗೆ ದನಿಯೂ ಬಂತು. ಹಣ ತಡವಾದದ್ದು, ಅಳತೆಯಲ್ಲಿ ತಕರಾರು ಬಂದದ್ದು ನಿಜ. ಆದರೂ ಕೆರೆಯ ಹೂಳಿನಲ್ಲಿ ಗುದ್ದಲಿ ಹಿಡಿದ ಹೆಣ್ಣುಮಗಳು ಎಂಜಿನಿಯರರ ಮುಂದೆ ನಿಂತು ‘ನಮ್ಮ ಅಳತಿ ತಪ್ಪಿ ಬರದೀರಿ’ ಎನ್ನಬಲ್ಲಳಾದದ್ದು ಸಣ್ಣ ಬದಲಾವಣೆಯಲ್ಲ.

ಇನ್ನು ಸಾಲಿಗೆ ಬರೋಣ. ಮಾಸ್ತರ-ಮಗುವಿನ ಸಂಬಂಧವನ್ನು ಕೂಲಿ-ಧಣಿಯ ಪಕ್ಕ ಇಡುವುದು ಕೆಲವರಿಗೆ ಒಗ್ಗಲಿಕ್ಕಿಲ್ಲ. ಆದರೆ ಒಂದು ವಿಷಯದಲ್ಲಿ ಮಗುವಿನ ಸ್ಥಿತಿ ಕೂಲಿಯವರಿಗಿಂತ ಬಿಕ್ಕಟ್ಟಿನದು: ಅದಕ್ಕೆ ಬಿಟ್ಟುಹೋಗುವ ದಾರಿ ಇಲ್ಲ. ಪಾಲಕರಿಗೆ ಹಣವಿದ್ದರೆ ಹುಬ್ಬಳ್ಳಿಯ ಖಾಸಗಿ ಶಾಲೆಗೆ ಬಸ್ಸಿನಲ್ಲಿ ಕಳಿಸಬಹುದು; ಇಲ್ಲದವರ ಮಗು ಬಿಟ್ಟುಹೋಗುವುದೆಂದರೆ ಓದನ್ನೇ ಬಿಡುವುದು. ಹೀಗಿರುವಾಗ ಬಾಯಿಬಿಡುವ ದಾರಿಯನ್ನಾದರೂ ಕಾನೂನು ಕಾಯಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ್ದು ಈ ಕಾರಣಕ್ಕೆ. ಇದಕ್ಕೆ ಶಿಕ್ಷಕರ ಉತ್ತರ ಸಿದ್ಧವಿದೆ: ‘ನಮ್ಮ ಕೈ ಕಟ್ಟಿದರು, ಇನ್ನು ಮಕ್ಕಳು ನಮ್ಮ ಮಾತು ಕೇಳುವುದು ಹೇಗೆ?’ ಈ ಆಕ್ಷೇಪವನ್ನು ತಳ್ಳಿಹಾಕಬಾರದು, ಅದರ ಹಿಂದೆ ನಿಜವಾದ ಕಷ್ಟವಿದೆ. ಎರಡು-ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಮಾಸ್ತರರಿಗೆ ಬೆತ್ತ ಒಂದು ಅಡ್ಡದಾರಿಯಾಗಿತ್ತು. ಬೆತ್ತ ಕಿತ್ತುಕೊಂಡ ವ್ಯವಸ್ಥೆ ಅದರ ಬದಲು ಏನನ್ನೂ ಕೊಡಲಿಲ್ಲ. ಆದರೆ ಅದರಿಂದ ಬರುವ ತೀರ್ಮಾನ ಬೆತ್ತ ಮರಳಿ ಕೊಡಿ ಎಂಬುದಾಗಲಾರದು. ಹೊಡೆತಕ್ಕೆ ಅಂಜಿ ಸುಮ್ಮನೆ ಕುಳಿತ ಮಗು ಲೆಕ್ಕ ತಿಳಿಯದಿದ್ದರೂ ‘ತಿಳೀತ್ರೀ ಸರ’ ಅನ್ನುತ್ತದೆ. ಮಾಸ್ತರರಿಗೆ ಬೇಕಾದ ಮುಖ್ಯ ಮಾಹಿತಿ, ತಾವು ಕಲಿಸಿದ್ದು ಮುಟ್ಟಿತೋ ಇಲ್ಲವೋ ಎಂಬುದು, ಅಲ್ಲೇ ಸತ್ತುಹೋಗುತ್ತದೆ. ‘ತಿಳೀಲಿಲ್ರೀ ಅಕ್ಕೋರ’ ಎನ್ನುವ ಧೈರ್ಯ ಮಗುವಿಗೆ ಇರುವ ಕೋಣೆಯಲ್ಲಿ ಮಾತ್ರ ಕಲಿಕೆ ನಡೆಯುತ್ತದೆ. ಎದುರು ಮಾತು ಇಲ್ಲಿ ಶಿಸ್ತಿಗೆ ಶತ್ರುವಲ್ಲ, ಪಾಠದ ಭಾಗ.

ಮಕ್ಕಳ ಮೇಲೆ ಸಿಟ್ಟು ತೀರಿಸಿಕೊಳ್ಳುವ ಶಿಕ್ಷಕರ ಬಗ್ಗೆ ಮಾತಾಡುವವರು ಆ ಶಿಕ್ಷಕರ ಮೇಲೆ ಯಾರಿದ್ದಾರೆ ಎಂದು ನೋಡುವುದು ಕಡಿಮೆ. ಸಾಲಿ ಮಕ್ಕಳಿಗೆ ಕಲಿಯುವ ಜಾಗ, ಅಲ್ಲಿನ ದೊಡ್ಡವರಿಗೆ ದುಡಿಯುವ ಜಾಗ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಲಾಯಿತು. ಕೆಲಸ ಮುಗಿಯದೆ ಸಾಲಿಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಬೇಕಾಯಿತು. ಆದೇಶ ಮೇಲಿಂದ ಬರುತ್ತದೆ, ಒಲ್ಲೆ ಎನ್ನಲು ಬರುವುದಿಲ್ಲ. ಕಾಯಂ ಶಿಕ್ಷಕರಿಗಾದರೂ ಸಂಘವಿದೆ, ವರ್ಗಾವಣೆಗೆ 2020ರ ಕಾಯ್ದೆಯ ನಿಯಮವಿದೆ. ಅತಿಥಿ ಶಿಕ್ಷಕರಿಗೆ ಏನಿದೆ? ರಾಜ್ಯದ ಸರ್ಕಾರಿ ಶಾಲೆಗಳು ಇಂದು ನಡೆಯುತ್ತಿರುವುದು ಸುಮಾರು 50 ಸಾವಿರ ಅತಿಥಿ ಶಿಕ್ಷಕರ ಹೆಗಲ ಮೇಲೆ. ಜೂನಿನಲ್ಲಿ ಕರೆದು ಶೈಕ್ಷಣಿಕ ವರ್ಷ ಮುಗಿದೊಡನೆ ಬಿಡುತ್ತಾರೆ, ಮುಂದಿನ ಜೂನಿಗೆ ಕರೆಯುವ ಖಾತ್ರಿ ಇಲ್ಲ. 2025ರ ಬಜೆಟ್ಟಿನಲ್ಲಿ ಅವರ ಗೌರವಧನ 2 ಸಾವಿರ ರೂಪಾಯಿ ಏರಿತು, ಅದು ಒಳ್ಳೆಯದೇ. ಆದರೆ ಮುಖ್ಯ ಶಿಕ್ಷಕರ ತೀರ್ಮಾನ ತಪ್ಪೆನಿಸಿದಾಗ ಸಭೆಯಲ್ಲಿ ಹೇಳಬಲ್ಲ ನೆಲೆ ಅದರಿಂದ ಬರಲಿಲ್ಲ. ಒಂದೇ ಕೊಠಡಿಯಲ್ಲಿ ಒಂದೇ ಪಾಠ ಮಾಡುವ ಇಬ್ಬರಲ್ಲಿ ಒಬ್ಬರ ಪಗಾರ ಇನ್ನೊಬ್ಬರ ಪಗಾರದ ಹಲವು ಪಟ್ಟು. ರಜೆಯ ದಿನದ ಕೆಲಸ, ಕಾರ್ಯಕ್ರಮದ ಕುರ್ಚಿ ಜೋಡಿಸುವುದು, ಆನ್‌ಲೈನ್ ಮಾಹಿತಿ ತುಂಬುವುದು ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಊಹಿಸಬಹುದು. ಮೇಲಿನಿಂದ ಇಳಿದ ಒತ್ತಡ ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಹಿಂದಿನ ಬೆಂಚಿನ ಮಗುವಿನ ಮೇಲೆ ಬೀಳುತ್ತದೆ.

ಆ ಮೆಟ್ಟಿಲಿನಲ್ಲಿ ಇನ್ನೂ ಕೆಳಗೆ ಬಿಸಿಯೂಟದ ಅಡುಗೆಯವರಿದ್ದಾರೆ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಸಾಲಿಯ ಅಡುಗೆಮನೆಯಲ್ಲಿ ಒಂದು ಹೊತ್ತು ನಿಂತರೆ ಅದರ ಸಂಬಂಧಗಳೆಲ್ಲ ಕಾಣುತ್ತವೆ. ಬೇಳೆ ಬೇಯುತ್ತಿರುವಾಗಲೇ ಹಾಜರಿ ಎಷ್ಟೆಂದು ಕೇಳಿಕೊಂಡು ಬರಬೇಕು. ಅಕ್ಕಿ ಕಡಿಮೆ ಬಿದ್ದರೆ ಮಾತು ಕೇಳುವವರು ಇವರು, ಗ್ಯಾಸ್ ತಡವಾದರೆ ಕಣ್ಣು ಉರಿಸಿಕೊಂಡು ಕಟ್ಟಿಗೆ ಉರಿಸುವವರೂ ಇವರೇ. ಮೊದಲು ಶಿಕ್ಷಕರು ರುಚಿ ನೋಡಿ ಬರೆಯಬೇಕೆಂಬ ನಿಯಮವಿದೆ; ಆ ಪುಸ್ತಕದಲ್ಲಿ ಅಡುಗೆಯವರು ಬರೆಯುವ ಕಾಲಂ ಇಲ್ಲ. ಇವರಿಗೆ ಸಿಗುವುದಕ್ಕೆ ಪಗಾರ ಎಂಬ ಹೆಸರೂ ಇಲ್ಲ, ಗೌರವಧನ ಅನ್ನುತ್ತಾರೆ. ಇದೇ ಅಡುಗೆಮನೆಯಲ್ಲಿ ಜಾತಿಯ ಪರೀಕ್ಷೆಯೂ ನಡೆಯುತ್ತದೆ. ದಲಿತ ಮಹಿಳೆ ಅಡುಗೆಗೆ ಬಂದರೆಂದು ಪಾಲಕರು ಮಕ್ಕಳನ್ನು ಊಟದಿಂದ, ಕೆಲವೊಮ್ಮೆ ಶಾಲೆಯಿಂದಲೇ ಬಿಡಿಸಿದ ವರದಿಗಳು ರಾಜ್ಯದ ಬೇರೆ ಬೇರೆ ಕಡೆಗಳಿಂದ ಬಂದಿವೆ. ಅಂಥ ವೇಳೆ ಎರಡು ಬಗೆಯ ಶಾಲೆಗಳನ್ನು ಕಾಣುತ್ತೇವೆ. ಒಂದರಲ್ಲಿ ಅಡುಗೆಯಾಕೆಯನ್ನೇ ‘ಊರ ಶಾಂತಿಗಾಗಿ’ ಬದಲಿಸಲಾಗುತ್ತದೆ. ಇನ್ನೊಂದರಲ್ಲಿ ಅಧಿಕಾರಿಗಳು, ಶಿಕ್ಷಕರು ಮಕ್ಕಳ ಸಾಲಿನಲ್ಲೇ ಕೂತು ಆಕೆ ಬಡಿಸಿದ್ದನ್ನು ಉಣ್ಣುತ್ತಾರೆ, ಆಕೆ ಉಳಿಯುತ್ತಾಳೆ. ಎರಡನೆಯದು ಆಗುವುದು ಆಕೆಯ ಕೆಲಸಕ್ಕೆ ನಿಯಮದ ಬಲ ಇದ್ದಾಗ. ಒಳ್ಳೆಯ ಮನಸ್ಸಿನ ಮೇಲೆ ಮಾತ್ರ ಬಿಟ್ಟಿದ್ದರೆ ಊರಿನ ಒತ್ತಡವೇ ಗೆಲ್ಲುತ್ತಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವನ್ನು ಕುಂದಗೋಳವೇ ಎದುರಿಗೆ ಇಡುತ್ತದೆ. ಈ ಊರು ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರದು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು, ಊರೂರು ಅಲೆದು, 1936ರ ಹೊತ್ತಿಗೆ ಇಲ್ಲಿ ಗುರುವನ್ನು ಕಂಡುಕೊಂಡರು. ಗುರುಮನೆಗೆ ನೀರು ಹೊತ್ತು, ಮನೆಗೆಲಸ ಮಾಡಿ, ಬೈಗುಳ ತಿಂದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅದೇ ಗುರುವಿನಿಂದ ಪಾಠ ಹೇಳಿಸಿಕೊಂಡರು. ಅಲ್ಲಿ ದೂರು ಪೆಟ್ಟಿಗೆ ಇರಲಿಲ್ಲ, ಸಮಿತಿ ಇರಲಿಲ್ಲ, ಗುರು ಹೇಳಿದ್ದೇ ವೇದವಾಕ್ಯ. ಆದರೂ ಕಿರಾಣಾ ಘರಾನೆ ಬೆಳೆಯಿತು. ಹಾಗಾದರೆ ಎದುರು ಮಾತಿಲ್ಲದ ಶರಣಾಗತಿಯೇ ಉತ್ತಮ ಕಲಿಕೆಯಲ್ಲವೇ? ಉತ್ತರ ಮೂರು ಅಂಶಗಳಲ್ಲಿದೆ. ಮೊದಲನೆಯದು, ಆ ಶಿಷ್ಯರು ಗುರುವನ್ನು ತಾವೇ ಆರಿಸಿಕೊಂಡು ಬಂದವರು. ಒಗ್ಗದಿದ್ದರೆ ಬೇರೆ ಗುರುವನ್ನು ಹುಡುಕಬಹುದಿತ್ತು. ಭೀಮಸೇನರು ಕುಂದಗೋಳ ಮುಟ್ಟುವ ಮೊದಲು ಹಲವು ಕಡೆ ಹುಡುಕಾಡಿಯೇ ಬಂದಿದ್ದರು. ಯರಗುಪ್ಪಿಯ ಏಳನೆಯ ತರಗತಿಯ ಹುಡುಗಿಗೆ ಆ ಆಯ್ಕೆ ಇಲ್ಲ. ಎರಡನೆಯದು, ಗುರು ಒಬ್ಬೊಬ್ಬರ ಕಂಠಕ್ಕೆ ತಕ್ಕಂತೆ ಕಲಿಸಿದರು. ಒಬ್ಬರಿಗೊಬ್ಬರು ಹೋಲದ ದೊಡ್ಡ ಗಾಯಕರು ಹೊರಬಂದದ್ದೇ ಅದಕ್ಕೆ ಸಾಕ್ಷಿ. ಅಂದರೆ ಶಿಷ್ಯನ ಗುಣ ಗುರುವಿನ ಮೇಲೂ ಕೆಲಸ ಮಾಡಿತ್ತು. ಮೂರನೆಯದು, ಪರಂಪರೆ ನಮಗೆ ಕೊಟ್ಟಿರುವುದು ಗೆದ್ದವರ ಕತೆ. ನೀರು ಹೊತ್ತು ಹೊತ್ತು ಕೊನೆಗೂ ಪಾಠ ಸಿಗದೆ ಊರಿಗೆ ಮರಳಿದವರ ಕತೆಯನ್ನು ಯಾರೂ ಬರೆದಿಟ್ಟಿಲ್ಲ. ಒಬ್ಬ ಮಹಾಗುರುವಿನ ಉದಾಹರಣೆಯಿಂದ ಲಕ್ಷಾಂತರ ಮಕ್ಕಳ ಸಾಲಿಗೆ ನಿಯಮ ಮಾಡಲಾಗುವುದಿಲ್ಲ.

ಕಾಲೇಜು, ವಿಶ್ವವಿದ್ಯಾಲಯಗಳ ಮಟ್ಟಕ್ಕೆ ಹೋದರೆ ಇದೇ ಮಾತು ಬೇರೆ ರೂಪದಲ್ಲಿ ಎದುರಾಗುತ್ತದೆ. ಈ ಸೀಮೆಯ ಮಕ್ಕಳು ಹೆಚ್ಚಿನ ಓದಿಗೆ ಹೋಗುವುದು ಹುಬ್ಬಳ್ಳಿ-ಧಾರವಾಡಕ್ಕೆ. 1917ರ ಕರ್ನಾಟಕ ಕಾಲೇಜು, 1949ರ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2016ರ ಐಐಟಿ ಎಲ್ಲವೂ ಇರುವ ಊರು ಧಾರವಾಡ. ಉನ್ನತ ಶಿಕ್ಷಣದಲ್ಲಿ ಕಾನೂನಿಗೆ ಕೊರತೆಯಿಲ್ಲ. ರ‍್ಯಾಗಿಂಗ್‌ಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಶಿಕ್ಷೆ ಇದೆ. ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಸಾವಿನ ನಂತರ 2009ರಲ್ಲಿ ಯುಜಿಸಿ ದೇಶಕ್ಕೆಲ್ಲ ನಿಯಮ ತಂದಿತು. ಕ್ಯಾಂಪಸ್ಸಿನ ಲೈಂಗಿಕ ಕಿರುಕುಳದ ಬಗ್ಗೆ 2015ರ ಪ್ರತ್ಯೇಕ ನಿಯಮ ಬಂತು. ಇವು ತಡೆಯುವುದು ಕಣ್ಣಿಗೆ ಕಾಣುವ ಹಿಂಸೆಯನ್ನು. ಕಾಣದ ಹಿಡಿತ ಬೇರೆ ಕಡೆ ಇದೆ: ಆಂತರಿಕ ಅಂಕ ಹಾಕುವ ಕೈಯಲ್ಲಿ, ಹಾಜರಿ ಶೇಕಡಾವಾರು ಬರೆಯುವ ಕೈಯಲ್ಲಿ, ಸಂಶೋಧನ ಪ್ರಬಂಧಕ್ಕೆ ಸಹಿ ಹಾಕುವ ಒಬ್ಬರೇ ಮಾರ್ಗದರ್ಶಕರ ಕೈಯಲ್ಲಿ. ಸಂಶೋಧಕ ವಿದ್ಯಾರ್ಥಿ ನಾಲ್ಕೈದು ವರ್ಷ ದುಡಿದದ್ದು ಒಂದು ಸಹಿಗೆ ನೇತುಬಿದ್ದಿರುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2016ರ ಜನವರಿಯಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅವರ ಶಿಷ್ಯವೇತನ ತಿಂಗಳುಗಟ್ಟಲೆ ನಿಂತಿತ್ತು ಎಂಬ ಅಂಶ ದೇಶಕ್ಕೆ ಗೊತ್ತಾಯಿತು. ಜಾತಿ, ಹಣ, ಸಹಿ ಮೂರೂ ಒಂದೇ ಕಡೆ ಸೇರಿದಾಗ ಎದುರು ಮಾತು ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಲಿಸುವವರ ಕಡೆಗೂ ಇದೇ ಅಸ್ಥಿರತೆ: ಸರ್ಕಾರಿ ಪದವಿ ಕಾಲೇಜುಗಳ ಬಹುಪಾಲು ಪಾಠ ನಡೆಸುವ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ತರಗತಿ ಬಿಟ್ಟು ಧರಣಿ ಕೂತದ್ದು ಸೇವಾ ಭದ್ರತೆಗಾಗಿ. ಸಂಬಳಕ್ಕಿಂತ ಮೊದಲು ಅವರು ಕೇಳಿದ್ದು ನೆಲೆಯನ್ನು.

ಕಾರ್ಖಾನೆಗಳ ವಿಷಯಕ್ಕೆ ಬಂದಾಗ ಆಡಳಿತಶಾಸ್ತ್ರದ ಪಠ್ಯಗಳು ಹಾಥಾರ್ನ್ ಪ್ರಯೋಗದಿಂದ ಶುರು ಮಾಡುತ್ತವೆ. ಷಿಕಾಗೊ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳನ್ನು ಆಧರಿಸಿ ಎಲ್ಟನ್ ಮೇಯೊ, ಕೆಲಸಗಾರರಿಗೆ ಹಣಕ್ಕಿಂತ ಗಮನ, ಗುಂಪಿನ ಆಪ್ತತೆ ಮುಖ್ಯ ಎಂಬ ತತ್ವ ಕಟ್ಟಿದರು. ‘ಮಾನವ ಸಂಬಂಧ’ ಎಂಬ ಚಿಂತನೆಯೇ ಅಲ್ಲಿಂದ ಬೆಳೆಯಿತು. ಮೇಲಧಿಕಾರಿ ನಗುಮುಖ ತೋರಿದರೆ ಉತ್ಪಾದನೆ ಏರುತ್ತದೆ ಎಂಬ ಸುಲಭ ಪಾಠ ಇಂದಿಗೂ ತರಬೇತಿ ಶಿಬಿರಗಳಲ್ಲಿ ಓಡುತ್ತಿದೆ. ಆದರೆ ಆ ಪ್ರಯೋಗದ ಕೋಣೆಯಲ್ಲೇ ನಡೆದ ಒಂದು ಸಂಗತಿ ಅಷ್ಟು ಪ್ರಚಾರ ಪಡೆಯಲಿಲ್ಲ: ರಿಲೇ ಜೋಡಿಸುತ್ತಿದ್ದ ಐವರು ಯುವತಿಯರಲ್ಲಿ ಇಬ್ಬರನ್ನು, ಹೆಚ್ಚು ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂದು 1928ರಲ್ಲಿ ತೆಗೆದು ಬೇರೆಯವರನ್ನು ಕೂರಿಸಲಾಯಿತು. ಉತ್ಪಾದನೆ ಏರಿದ್ದರಲ್ಲಿ ಆ ಅಂಜಿಕೆಯ ಪಾಲೂ ಆರ್ಥಿಕ ಕುಸಿತದ ಭಯದ ಪಾಲೂ ಇತ್ತೆಂದು 1978ರಲ್ಲಿ ಅಂಕಿ-ಅಂಶಗಳನ್ನು ಮತ್ತೆ ಲೆಕ್ಕಹಾಕಿದ ಸಂಶೋಧಕರು ತೋರಿಸಿದರು. ಆಪ್ತತೆಯ ತತ್ವಕ್ಕೆ ಆಧಾರವಾದ ಕೋಣೆಯಲ್ಲೇ ಎದುರು ಮಾತಾಡಿದವರಿಗೆ ಜಾಗವಿರಲಿಲ್ಲ.

ನಮ್ಮ ರಾಜ್ಯದ ಅನುಭವವೂ ಅದನ್ನೇ ಹೇಳುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಭವಿಷ್ಯ ನಿಧಿ ನಿಯಮದ ಬದಲಾವಣೆ ವಿರೋಧಿಸಿ ಬೀದಿಗಿಳಿದರು. ಯಾವ ದೊಡ್ಡ ಸಂಘಟನೆಯ ಕರೆಯೂ ಇರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂಪಡೆಯಿತು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ಯಂತ್ರ ಕೆಡವಿದರು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ನಂತರದ ಸರ್ಕಾರಿ ತಪಾಸಣೆಯಲ್ಲಿ ಕಂಡದ್ದೇನು? ಕಾರ್ಮಿಕರ ಸಂಖ್ಯೆ ಸ್ವಲ್ಪ ಕಾಲದಲ್ಲೇ 5 ಸಾವಿರದಿಂದ 10 ಸಾವಿರ ದಾಟಿತ್ತು, ಹೆಚ್ಚಿನವರು ಗುತ್ತಿಗೆಯವರು, ಹಾಜರಿ ಮತ್ತು ಪಗಾರದ ಲೆಕ್ಕ ತಪ್ಪುತ್ತಿತ್ತು, ಕೇಳಲು ಸರಿಯಾದ ಮೇಜು ಇರಲಿಲ್ಲ. ಕಂಪನಿಯೇ ತಪ್ಪೊಪ್ಪಿಕೊಂಡು ಭಾರತದ ಉಸ್ತುವಾರಿ ಅಧಿಕಾರಿಯನ್ನು ತೆಗೆಯಿತು. ಎರಡು ಸಂದರ್ಭದಲ್ಲೂ ನಡೆದದ್ದು ಒಂದೇ: ದಿನದಿನದ ಸಣ್ಣ ಮಾತಿಗೆ ಬಾಗಿಲು ಮುಚ್ಚಿದಾಗ ಮಾತು ಒಮ್ಮೆಲೇ ಬೀದಿಗೆ ಬಂತು. ಎದುರು ಮಾತಿಗೆ ಜಾಗ ಕೊಟ್ಟರೆ ಶಿಸ್ತು ಹೋಗುತ್ತದೆ ಎನ್ನುವ ಮಾಲೀಕರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಇಲ್ಲ.

ಕಾನೂನು ಹೇಗೆ ಹುಟ್ಟುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದಕ್ಕೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕಾಯ್ದೆ ಒಳ್ಳೆಯ ಉದಾಹರಣೆ. ಅದರ ಮೂಲ ನಗರದ ಕಚೇರಿಯಲ್ಲಿಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರದಿಂದ 1997ರ ವಿಶಾಖಾ ತೀರ್ಪು ಬಂತು, ಅದರಿಂದ 2013ರ ಕಾಯ್ದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಜಾಗಗಳವರು, ಮನೆಗೆಲಸದವರು, ಮಾಲೀಕರ ಮೇಲೆಯೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ತಾಲ್ಲೂಕು ಮಟ್ಟದಲ್ಲಿ ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ಮುಟ್ಟಿಸುವ ನೋಡಲ್ ಅಧಿಕಾರಿ ಇರಬೇಕು ಎಂದೂ ಕಾಯ್ದೆ ಹೇಳುತ್ತದೆ. ಹಳ್ಳಿಯ ಕಾರ್ಯಕರ್ತೆಯಿಂದ ಹುಟ್ಟಿದ ಈ ಕಾಯ್ದೆ ಕಂಪನಿಗಳ ಗೋಡೆಯ ಮೇಲೆ ಫಲಕವಾಗಿ ಕೂತಿದೆ. ಹೊಲಕ್ಕೆ ಹೋಗುವ ಟಂಟಂನಲ್ಲಿ, ಅಂಗನವಾಡಿಯಲ್ಲಿ, ಬಿಸಿಯೂಟದ ಅಡುಗೆಮನೆಯಲ್ಲಿ ದುಡಿಯುವವರಿಗೆ ತಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರೆಂದು ಹೇಳುವ ಫಲಕ ಮಾತ್ರ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೂ ಎರಡು ಆಕ್ಷೇಪ ಉಳಿಯುತ್ತವೆ. ಹಳ್ಳಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬೇಕಾದವರು, ಕಾಕಾ, ಮಾವ, ಅಕ್ಕ ಎಂದು ಕರೆದುಕೊಳ್ಳುವವರು; ಅಲ್ಲಿ ದೂರು, ಸಮಿತಿ, ನಿಯಮ ಎಂದರೆ ಇರುವ ಆಪ್ತತೆಯೂ ಹಾಳು ಎಂಬುದು ಮೊದಲನೆಯದು. ಮುಖ ನೋಡಿ ಬಾಳುವ ಊರಲ್ಲಿ ದೂರು ಕೊಡುವುದು ಕಷ್ಟ ಎಂಬುದು ನಿಜವೇ. ಆದರೆ ಅದು ನಿಯಮದ ವಿರುದ್ಧದ ವಾದವಲ್ಲ, ನಿಯಮ ಇನ್ನೂ ಹೆಚ್ಚು ಬೇಕೆನ್ನುವ ವಾದ. ಕೂಲಿಯ ದರ ಫಲಕದ ಮೇಲೆ ಬರೆದಿದ್ದರೆ ಮಾವನ ಜೊತೆ ಚೌಕಾಶಿ ಮಾಡುವ ಮುಜುಗರವೇ ತಪ್ಪುತ್ತದೆ. ಹಕ್ಕು ಬರಹದಲ್ಲಿದ್ದಾಗ ಕೇಳುವುದು ಜಗಳವಾಗುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಒಬ್ಬ ಒಳ್ಳೆಯ ಹೆಡ್ ಮಾಸ್ತರರು ಬಂದರೆ ಅದೇ ಸಾಲಿ, ಅದೇ ನಿಯಮದಡಿ, ಹೊಸ ಕಳೆ ಪಡೆಯುತ್ತದೆ, ಹಾಗಾದರೆ ಮುಖ್ಯವಾದದ್ದು ಮನುಷ್ಯನೇ ಅಲ್ಲವೇ? ಹೌದು, ಇದನ್ನು ಒಪ್ಪಲೇಬೇಕು. ಆದರೆ ಅಂಥವರು ಮಾಡುವುದೇನೆಂದು ನೋಡಿದರೆ, ಮಕ್ಕಳಿಗೆ, ಅಡುಗೆಯವರಿಗೆ, ಅತಿಥಿ ಶಿಕ್ಷಕರಿಗೆ ಮಾತಾಡುವ ಜಾಗ ಕೊಡುವುದನ್ನೇ. ಕಾಗದದ ಮೇಲಿನ ಸಭೆಯನ್ನು ನಿಜವಾಗಿ ನಡೆಸುತ್ತಾರೆ. ಅವರಿಗೆ ವರ್ಗವಾದ ಮರುವರ್ಷ ಸಾಲಿ ಹಳೆಯ ಸ್ಥಿತಿಗೆ ಮರಳಿದರೆ, ಆ ಜಾಗ ವ್ಯಕ್ತಿಯ ಔದಾರ್ಯದಲ್ಲಿ ಇತ್ತೇ ಹೊರತು ಸಂಸ್ಥೆಯ ಪದ್ಧತಿಯಲ್ಲಿ ಇರಲಿಲ್ಲ ಎಂದರ್ಥ. ಒಳ್ಳೆಯವರ ನಿಜವಾದ ಸಾಧನೆ ತಾವು ಹೋದ ಮೇಲೂ ಉಳಿಯುವ ಪದ್ಧತಿ.

ಅಂಥ ಪದ್ಧತಿಗೆ ಬೇಕಾದ ಸಾಧನಗಳನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ಕರ್ನಾಟಕದ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂದಿದೆ. ಪಾಲಕರೇ ಅದರ ಸದಸ್ಯರು. ಅದರ ಸಭೆ ಸಹಿ ಪುಸ್ತಕ ಮನೆಮನೆಗೆ ತಿರುಗಿಸುವುದರಲ್ಲಿ ಮುಗಿಯಬಾರದು. ಅತಿಥಿ ಶಿಕ್ಷಕರೂ ಅಡುಗೆಯವರೂ ಅಲ್ಲಿ ಕೂತು ಮಾತಾಡಬೇಕು. ಪಂಚಾಯ್ತಿ ಕಟ್ಟೆಯ ಮೇಲೆ ಆ ವರ್ಷದ ಕನಿಷ್ಠ ಕೃಷಿ ಕೂಲಿ, ಸ್ಥಳೀಯ ಸಮಿತಿಯ ಮತ್ತು ನೋಡಲ್ ಅಧಿಕಾರಿಯ ವಿವರ ದೊಡ್ಡಕ್ಷರದಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ವರ್ಷವಿಡೀ ಇರುವ ಕೆಲಸಕ್ಕೆ ವರ್ಷವಿಡೀ ನೇಮಕ ಮಾಡುವುದು ಸರ್ಕಾರದ ಹೊಣೆ. ಅದನ್ನು ಗೌರವಧನದ ಏರಿಕೆಯಿಂದ ತೀರಿಸಲಾಗದು. ಕಾಲೇಜುಗಳಲ್ಲಿ ಸಂಶೋಧಕರ ಭವಿಷ್ಯ ಒಬ್ಬರೇ ಮಾರ್ಗದರ್ಶಕರ ಸಹಿಗೆ ಬಿಡದೆ ಸಮಿತಿಯ ಮುಂದೆ ಇಡಬೇಕು. ಸ್ವಭಾವ ತಿದ್ದುವ ಉಪನ್ಯಾಸಗಳನ್ನು ಬೇಕಿದ್ದರೆ ಆಮೇಲೆ ಇಟ್ಟುಕೊಳ್ಳೋಣ. ಮೊದಲು, ನಮ್ಮ ಹೊಲದಲ್ಲಿ, ನಮ್ಮ ಸಾಲಿಯಲ್ಲಿ, ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಕೆಳಗೆ ನಿಂತವರು ಯಾರು, ಅವರು ಕಳೆದ ಸಲ ‘ಇಲ್ಲ’ ಎಂದದ್ದು ಯಾವಾಗ, ಹಾಗೆಂದ ಮೇಲೂ ಅವರ ಕೆಲಸ ಉಳಿಯಿತೇ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ, ಅಲ್ಲಿ ಕಾಣುವ ಸೌಹಾರ್ದವನ್ನು ನಂಬಬೇಡಿ.